ತಾಯಕ್ಕನ ಹದ

ಕಂಪ್ಲಿಯಿಂದ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ತಾಯಕ್ಕನಿಗೆ ಕೂರಲು ಜಾಗ ಸಿಗುವುದು ವಾರಕ್ಕೆ ಒಂದೋ ಎರಡೋ ದಿನ. ಉಳಿದ ದಿನ ಹೊಸಪೇಟೆಯ ತನಕ ನಿಂತೇ ಹೋಗಬೇಕು. ನಿಲ್ಲುವುದೇನೂ ಅವಳಿಗೆ ಹೊಸದಲ್ಲ. ಐವತ್ನಾಲ್ಕು ವರ್ಷದಲ್ಲಿ ಅವಳು ಕೂತಿದ್ದಕ್ಕಿಂತ ನಿಂತಿದ್ದೇ ಹೆಚ್ಚು. ಆದರೆ ಈಚೆಗೆ ಬೇರೆಯದೇ ತಾಪತ್ರಯ. ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಎಂದು ಆಗಾಗ ಬಗ್ಗಿ ನೋಡಿಕೊಳ್ಳಬೇಕು. ಒಂದು ದಿನ ಎಡಗಾಲಿನದು ಬಸ್ಸಿನಲ್ಲೇ ಕಳಚಿ ಬಿದ್ದು, ಒಂಟಿ ಚಪ್ಪಲಿಯಲ್ಲಿ ಫ್ಯಾಕ್ಟರಿಯ ಗೇಟಿನ ತನಕ ನಡೆದಿದ್ದಳು. ವಾಚ್‌ಮನ್ ಹೇಳಿದ ಮೇಲೇ ಅವಳಿಗೆ ಗೊತ್ತಾಗಿದ್ದು. ಅವಸರದಲ್ಲಿ ಬಿಟ್ಟು ಬಂದೆ ಅಂತ ನಕ್ಕು ತೇಲಿಸಿದಳು. ಒಳಗೆ ಹೋಗಿ ಕೂತ ಮೇಲೆ ಮಾತ್ರ ಎಡಗಾಲನ್ನು ಹಿಡಿದು ತಿಕ್ಕಿ ತಿಕ್ಕಿ ನೋಡಿಕೊಂಡಳು.

ಫ್ಯಾಕ್ಟರಿ ಅಂದೆನಲ್ಲ, ದೊಡ್ಡದೇನೂ ಅಲ್ಲ. ಊರ ಹೊರಗೆ, ಅದಿರಿನ ಲಾರಿಗಳ ಕೆಂಪು ಧೂಳು ಬಂದು ಕೂರುವ ಒಂದು ತಗಡಿನ ಶೆಡ್ಡು. ಅಲ್ಲಿ ತಯಾರಾಗುವ ಸಾಮಾನು ಮಾತ್ರ ವಿಚಿತ್ರ: ತನ್ನಷ್ಟಕ್ಕೆ ತಾನೇ ಬಿಸಿಯಾಗುವ ಎಣ್ಣೆ ಡಬ್ಬಿ. ಮುಷ್ಟಿಯಲ್ಲಿ ಹಿಡಿಯುವಷ್ಟು ಡಬ್ಬಿ, ಮೇಲೆ ತಲೆಗೋ ಮೈಗೋ ಹಚ್ಚುವ ಎಣ್ಣೆ. ಕೆಳಗಿನ ಗೂಡಿನಲ್ಲಿ ಸುಟ್ಟ ಸುಣ್ಣದ ಪುಡಿ, ಪಕ್ಕದಲ್ಲಿ ಒಂದು ಸಣ್ಣ ನೀರಿನ ಪೊಟ್ಟಣ. ತಳ ಒತ್ತಿದರೆ ಪೊಟ್ಟಣ ಟಪ್ಪೆಂದು ಒಡೆಯುತ್ತದೆ, ಸುಣ್ಣ ಕುದಿಯುತ್ತದೆ, ಎರಡು ಮೂರು ನಿಮಿಷದಲ್ಲಿ ಎಣ್ಣೆ ಬೆಚ್ಚಗಾಗುತ್ತದೆ. ಒಲೆ ಬೇಡ, ಕರೆಂಟು ಬೇಡ. ಹಂಪಿ ಸುತ್ತಿನ ರೆಸಾರ್ಟುಗಳಿಗೆ, ಅಲ್ಲಿ ಇಲ್ಲಿನ ಬ್ಯೂಟಿ ಪಾರ್ಲರ್‌ಗಳಿಗೆ ಹೋಗುತ್ತದೆ. ಮೊದಲ ಸಲ ನೋಡಿದಾಗ ತಾಯಕ್ಕ, ಒಂದು ಚಮಚ ಎಣ್ಣೆ ಕಾಯಿಸೋಕೂ ಬೇಸರಪಡುವ ಜನ ಎಂಥವರಿರಬಹುದಪ್ಪಾ ಎಂದು ಬೆರಗಾಗಿದ್ದಳು.

ಬೆರಗಾಗದೆ ಏನು ಮಾಡುತ್ತಾಳೆ? ಎಣ್ಣೆ ಕಾಯಿಸುವುದೇ ಅವಳ ಕಸುಬಾಗಿತ್ತು. ಇಪ್ಪತ್ತೆಂಟು ವರ್ಷ ಕಂಪ್ಲಿಯ ಮನೆ ಮನೆಗೆ ಹೋಗಿ ಕೂಸುಗಳಿಗೆ, ಬಾಣಂತಿಯರಿಗೆ ಎಣ್ಣೆ ಹಚ್ಚಿ ನೀರೆರೆದವಳು ಅವಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಹನ್ನೊಂದು ದಿನದ ಕೂಸನ್ನು ಮಲಗಿಸಿಕೊಂಡು, ಎಣ್ಣೆಗೆ ಬೆರಳದ್ದಿ ಒಂದು ಗಳಿಗೆ ಸುಮ್ಮನಾಗುವಳು. ಹದ ಅಂದರೆ ಹದ. ಆಮೇಲೆ ಯಾರೂ ಪ್ರಶ್ನೆ ಕೇಳುವಂತಿಲ್ಲ. ಗಂಡ ಎರ್ರೆಪ್ಪ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತು ಸೊಂಟ ಕಳೆದುಕೊಂಡು ಮೂಲೆ ಸೇರಿದ ಮೇಲೆ ಮನೆ ನಡೆದದ್ದೇ ಆ ಬೆರಳುಗಳಿಂದ. ಅವಳ ಕೈಗೆ ಬಂದ ಕೂಸು ಬಿಸಿಗೆ ಬೆಚ್ಚಿ ಅತ್ತದ್ದನ್ನು ಕಂಡವರಿಲ್ಲ. ಹೀಗೆ ಹೇಳಿಕೊಳ್ಳುವಾಗ ಅವಳಿಗೆ ಸ್ವಲ್ಪ ಜಂಬವೂ ಇತ್ತು. ಇರಲಿ ಬಿಡಿ, ಜಂಬಪಡಲು ಬೇರೆ ಏನಿತ್ತು ಪಾಪ.

ಶೆಡ್ಡಿನ ಯಜಮಾನ ಮಾರುತೇಶ್ ಸಂಡೂರಿನವನು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಇಂಜಿನಿಯರಾಗಿ ದುಡಿದು, ಶಿಫ್ಟು ಸಾಕಾಗಿ, ಸ್ವಂತದ್ದೇನಾದರೂ ಮಾಡುತ್ತೇನೆಂದು ಈ ಡಬ್ಬಿ ಹಿಡಿದಿದ್ದ. ಅವನ ಹೆಂಡತಿಯ ತವರು ಕಂಪ್ಲಿ. ಅವನ ಮಗಳಿಗೆ ಎರೆದವಳು ತಾಯಕ್ಕನೇ. ಮೊದಲ ಸಲ ಡಬ್ಬಿ ಕಳಿಸಿದಾಗ ಒಂದು ಪಾರ್ಲರಿನವರು ತಣ್ಣಗಿದೆ ಅಂದರು, ಇನ್ನೊಬ್ಬರು ಸುಟ್ಟಿತು ಅಂದರು. ಬಿಸಿ ಅಳೆಯುವ ಮೀಟರಿನಲ್ಲಿ ಎರಡೂ ಸರಿಯಾಗಿಯೇ ಇದ್ದವು. ಮಾರುತೇಶ್ ತಲೆ ಚಚ್ಚಿಕೊಂಡ. ಕೊನೆಗೆ ಕಾರು ಮಾಡಿಕೊಂಡು ಕಂಪ್ಲಿಗೆ ಬಂದು, ಉಗುರುಬೆಚ್ಚಗೆ ಅಂದರೆ ಎಷ್ಟು ಅಂತ ಮೀಟರಿಗೆ ಗೊತ್ತಿಲ್ಲ, ನಿಮಗೆ ಗೊತ್ತು, ಬಂದುಬಿಡಿ ಅಂದ. ಅಷ್ಟೊತ್ತಿಗೆ ಕೂಸುಗಳಿಗೆ ಎರೆಯಲು ಕರೆಯುವವರೂ ಕಡಿಮೆಯಾಗಿದ್ದರು, ಬಗ್ಗಿ ಕೂರಲು ಅವಳಿಗೂ ಆಗುತ್ತಿರಲಿಲ್ಲ. ಹೋದಳು. ಹೋಗಿ ನಾಲ್ಕು ವರ್ಷವಾಯಿತು.

ಕೆಲಸ ಹೇಳಿದರೆ ಸುಲಭ ಅನ್ನಿಸುತ್ತದೆ. ಸುಣ್ಣ ಒಂದು ಚೀಲ ಇದ್ದ ಹಾಗೆ ಇನ್ನೊಂದಿರುವುದಿಲ್ಲ. ಮಳೆಗಾಲದಲ್ಲಿ ತೇವ ಕುಡಿದು ಸಪ್ಪಗಾಗುತ್ತದೆ, ಬೇಸಿಗೆಯಲ್ಲಿ ಹೊಸ ಚೀಲ ಬಿಚ್ಚಿದರೆ ರೇಗಿ ಬೀಳುತ್ತದೆ. ಹಾಗಾಗಿ ಪ್ರತಿ ಚೀಲದಿಂದ ಐದು ಡಬ್ಬಿ ತೆಗೆದು ನೋಡಬೇಕು. ಎದುರಿಗೆ ಕೂತ ಪಂಪಾವತಿ ಡಬ್ಬಿಯ ತಳ ಒತ್ತಿ, ಅಲ್ಲಾಡಿಸಿ, ಮೂರು ನಿಮಿಷಕ್ಕೆ ಕೊಡುತ್ತಾಳೆ. ತಾಯಕ್ಕ ಅಂಗೈಯಲ್ಲಿ ಹಿಡಿದು, ಎಣ್ಣೆ ಮುಟ್ಟಿ, ಮೂರರಲ್ಲಿ ಒಂದು ಮಾತು ಹೇಳುತ್ತಾಳೆ: ಮಂದ, ಹದ, ಬಿರುಸು. ಪಂಪಾವತಿ ರಿಜಿಸ್ಟರಿನಲ್ಲಿ ಬರೆಯುತ್ತಾಳೆ. ಹದ ಅಂದ ಚೀಲ ಪಾಸು, ಉಳಿದದ್ದಕ್ಕೆ ಸುಣ್ಣ ಹೆಚ್ಚು ಕಡಿಮೆ ಮಾಡುತ್ತಾರೆ. ಕಮಲಾಪುರದ ಈ ಹುಡುಗಿ ಡಿಗ್ರಿ ಓದಿದವಳು, ಬಾಯಿಗೆ ಬಿಡುವೇ ಇಲ್ಲ. ತಾಯಕ್ಕನಿಗೆ ಅವಳ ಮಾತು ಕೇಳುತ್ತಾ ಹೊತ್ತು ಹೋಗುತ್ತಿತ್ತು.

ಕೈ ಯಾವಾಗ ಕೈಕೊಟ್ಟಿತು ಎಂದು ಅವಳಿಗೂ ಸರಿಯಾಗಿ ನೆನಪಿಲ್ಲ. ಮೊದಲು ಕಾಲ್ಬೆರಳು ಜೋಮು ಹಿಡಿದಂತಾದವು, ಹಿಡಿದ ಜೋಮು ಬಿಡಲೇ ಇಲ್ಲ. ಆಮೇಲೆ ಕೈಬೆರಳು. ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ತಿರುವಿ ಹಾಕುತ್ತಿದ್ದಳು, ಕೈ ಗಟ್ಟಿಯಾಗಿದೆ ಅಂದುಕೊಂಡಳು. ಒಂದು ಬೆಳಿಗ್ಗೆ ಎರ್ರೆಪ್ಪ, ಏನೋ ಸೀದ ವಾಸನೆ ಬರಾಕತ್ತೈತಲ್ಲ ಎಂದು ಒಲೆಯ ಹತ್ತಿರ ಬಂದು ನೋಡಿದರೆ ಸೀಯುತ್ತಿದ್ದದ್ದು ರೊಟ್ಟಿಯಲ್ಲ. ಕಂಪ್ಲಿಯ ದವಾಖಾನೆಯಲ್ಲಿ ಶುಗರ್ ಅಂದರು. ಡಾಕ್ಟರಮ್ಮ ಕಣ್ಣು ಮುಚ್ಚಲು ಹೇಳಿ, ಬೆರಳಿಗೆ ಸೂಜಿ ತಾಗಿಸುತ್ತೇನೆ, ಚುಚ್ಚಿದಾಗ ಹ್ಞೂಂ ಅನ್ನಿ ಅಂದರು. ತಾಯಕ್ಕ ಅಂದಾಜಿನ ಮೇಲೆ ಐದಾರು ಸಲ ಹ್ಞೂಂ ಅಂದಳು. ಕಣ್ಣು ಬಿಟ್ಟರೆ ಡಾಕ್ಟರಮ್ಮ ಸೂಜಿಯನ್ನು ಟೇಬಲ್ಲಿನ ಮೇಲಿಟ್ಟು ಸುಮ್ಮನೆ ಇವಳನ್ನೇ ನೋಡುತ್ತಾ ಕೂತಿದ್ದರು. ಮಾತ್ರೆ ತಪ್ಪಿಸಬೇಡಿ, ಜೋಮು ಇನ್ನೂ ಮೇಲಕ್ಕೆ ಹೋಗದ ಹಾಗೆ ನೋಡಿಕೊಳ್ಳಬಹುದು, ಹೋದದ್ದು ತಿರುಗಿ ಬರುವುದು ಕಷ್ಟ ಎಂದರು.

ಬೇರೆ ಯಾರಿಗಾದರೂ ಆಗಿದ್ದರೆ ಊರಿಗೆಲ್ಲಾ ಹೇಳಿಕೊಂಡು ಅಳಬಹುದಿತ್ತು. ಇವಳಿಗೆ ಆ ಭಾಗ್ಯವೂ ಇಲ್ಲ. ಮುಟ್ಟಿದರೆ ತಿಳಿಯುತ್ತದೆ ಅಂತಲೇ ಸಂಬಳ ಕೊಡುತ್ತಿದ್ದರಲ್ಲ! ಮೊಣಕೈಗೆ ಇನ್ನೂ ಬಿಸಿ ತಿಳಿಯುತ್ತಿತ್ತು, ಕೆನ್ನೆಗೂ ತಿಳಿಯುತ್ತಿತ್ತು. ಒಮ್ಮೆ ಬೆವರು ಒರೆಸುವ ನೆಪದಲ್ಲಿ ಡಬ್ಬಿಯನ್ನು ಕೆನ್ನೆಗೆ ತಾಗಿಸಿದ್ದಳು. ಮಾರುತೇಶ್ ನೋಡಿ, ಮೈಗೆ ಮುಖಕ್ಕೆ ತಾಗಿಸುವಂತಿಲ್ಲ, ಶುಚಿಯ ಪ್ರಶ್ನೆ ಅಂದ. ಆಮೇಲೆ ಅವಳಿಗೊಂದು ದಾರಿ ಕಂಡಿತು. ಡಬ್ಬಿ ಕೊಡುವ ಮುಂಚೆ ಪಂಪಾವತಿ ಅದನ್ನು ಹಿಡಿದಿರುತ್ತಾಳಲ್ಲ, ಅವಳ ಮುಖ ನೋಡಿದರಾಯಿತು. ಹುಬ್ಬು ಗಂಟಾದರೆ ಬಿರುಸು. ಮಾತಿನ ಭರದಲ್ಲಿ ಹಾಗೇ ಇದ್ದರೆ ಹದ. ತುಟಿ ಸೊಟ್ಟಗಾದರೆ ಮಂದ. ಒಂದು ವರ್ಷ ಹೀಗೇ ಸಾಗಿತು. ಆ ಮುಖವನ್ನು ಓದೀ ಓದೀ ಸಂಜೆ ಬಸ್ಸಿನಲ್ಲಿ ಅವಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಕದ್ದು ಬದುಕುವುದಕ್ಕಿಂತ ಹೆಚ್ಚು ದಣಿಸುವ ಕೆಲಸ ಇನ್ನೊಂದಿಲ್ಲ.

ಹೋದ ತಿಂಗಳು ಮಾರುತೇಶ್ ಎಲ್ಲರನ್ನೂ ಕರೆದು ಪೇಡೆ ಹಂಚಿದ. ಡಬ್ಬಿಗಳನ್ನು ಒಂದೊಂದಾಗಿ ನೋಡುವ ಮಷಿನ್ ಬರುತ್ತದೆ. ಅದಕ್ಕೆ ಎಷ್ಟು ಡಿಗ್ರಿಯಿಂದ ಎಷ್ಟರ ತನಕ ಹದ ಎಂದು ಒಮ್ಮೆ ಹೇಳಿಕೊಟ್ಟರೆ ಮುಗಿಯಿತು, ಜೀವಮಾನವಿಡೀ ಅದೇ ಲೆಕ್ಕದಲ್ಲಿ ನಡೆಯುತ್ತದೆ. ಹೇಳಿಕೊಡುವವಳು ತಾಯಕ್ಕ. ಅವಳು ಹೇಳಿದ ಒಂದೊಂದು ಮಾತಿನ ಎದುರು ಮೀಟರಿನ ಅಂಕಿ ಬರೆದುಕೊಳ್ಳುತ್ತಾರೆ, ಅಷ್ಟೇ. ಮಷಿನ್ನಿನ ಮೇಲೆ ಮೊದಲು ಹೊರಡುವ ಹೊಸ ಸಾಮಾನು ಕೂಸುಗಳಿಗೆ ಹಚ್ಚುವ ಎಣ್ಣೆ. ಅದಕ್ಕೆ ಹೆಸರೂ ಇಟ್ಟಾಗಿತ್ತು: ತಾಯಕ್ಕನ ಹದ. ಡಬ್ಬಿಯ ಮೇಲೆ ಅವಳ ಎರಡು ಕೈಗಳ ಫೋಟೋ ಇರುತ್ತದಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಾಯಕ್ಕ ಪೇಡೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು, ಶುಗರ್ ಇರುವವಳು ತಿನ್ನಲೂಬಾರದಿತ್ತು.

ಅವತ್ತಿನಿಂದ ನಿದ್ದೆ ಹಾರಿತು. ಪಾರ್ಲರಿಗೆ ಹೋಗುವ ದೊಡ್ಡವರಾದರೆ ಬಿಸಿಯಾದಾಗ ತೆಗಿ ಅಂತ ಕೂಗುತ್ತಾರೆ. ಹನ್ನೊಂದು ದಿನದ ಕೂಸು ಏನು ಹೇಳೀತು? ಡಬ್ಬಿಯ ಮೇಲಿನ ಕೈ ನೋಡಿ, ಅನುಭವಸ್ಥರು ನೋಡಿ ಕಳಿಸಿದ್ದು ಅಂತ ನಂಬಿ ಎಲ್ಲಿಯದೋ ತಾಯಿ ಹಚ್ಚುತ್ತಾಳೆ. ಹೇಳಿಬಿಡಲೇ ಎಂದು ಒಂದು ಗಳಿಗೆ ಅನ್ನಿಸುತ್ತದೆ. ಹೇಳಿದರೆ ಕೆಲಸ ಹೋಗುತ್ತದೆ, ಹೆಸರು ಹೋಗುತ್ತದೆ, ಎರ್ರೆಪ್ಪನನ್ನು ಕಟ್ಟಿಕೊಂಡು ಕುಂತು ಉಣ್ಣುವುದು ಹೇಗೆ? ಪಂಪಾವತಿ ಎದುರಿಗಿರುತ್ತಾಳಲ್ಲ, ಮುಖ ನೋಡಿಯೇ ಇದನ್ನೂ ದಾಟಿಸಿಬಿಡೋಣ ಎಂದು ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡಳು.

ಆದರೆ ಆ ದಿನ ಎದುರಿನ ಕುರ್ಚಿಯಲ್ಲಿ ಮಾರುತೇಶ್ ತಾನೇ ಕೂತ. ನಡುವೆ ಇನ್ನೊಂದು ಕೈ ಬೇಡ ಎಂದು ಪಂಪಾವತಿಯನ್ನು ಅತ್ತ ಲೇಬಲ್ ಅಂಟಿಸಲು ಕಳಿಸಿದ. ಬೇಕೆಂದೇ ಸುಣ್ಣ ಹೆಚ್ಚು ಕಡಿಮೆ ಹಾಕಿದ ನಲವತ್ತು ಡಬ್ಬಿ ಸಾಲಾಗಿದ್ದವು. ತಳ ಒತ್ತಿ, ಮೀಟರಿನ ತಂತಿ ಸಿಕ್ಕಿಸಿ, ಅವಳ ಕೈಗೆ ಕೊಟ್ಟು ಅವನು ಲ್ಯಾಪ್‌ಟಾಪ್ ನೋಡುತ್ತಿದ್ದ. ಓದೋಣವೆಂದರೆ ಅವನ ಮುಖ ಅವಳ ಕಡೆ ಇರಲೇ ಇಲ್ಲ.

ಮೊದಲನೆಯದಕ್ಕೆ ಹದ ಅಂದಳು. ಬರೆದುಕೊಂಡ. ಎರಡನೆಯದಕ್ಕೂ ಹದ ಅಂದಳು. ಮೂರನೆಯದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ಹಾಗೇ ಕೆಳಗಿಟ್ಟಳು. ಮಾರುತೇಶ್ ನಾಲ್ಕನೆಯದನ್ನು ಕೊಟ್ಟು, ಅವಸರವಿಲ್ಲ, ನಿಧಾನವಾಗಿ ಹೇಳಿ ಅಂದ. ಆ ನಿಧಾನ ಎಂಬ ಮಾತಿಗೋ ಏನೋ ಅವಳಿಗೆ ಇನ್ನು ಮುಚ್ಚಿಡುವುದು ಸಾಕು ಅನ್ನಿಸಿತು.

"ಸಾರ್, ನನ್ನ ಕೈಗೆ ಏನೂ ಗೊತ್ತಾಗಲ್ರಿ," ಅಂದಳು. "ಸತ್ತು ವರ್ಷ ಆತು."

ಮಾರುತೇಶ್ ನಕ್ಕ. ಅವನಿಗೆ ಅರ್ಥವಾದದ್ದೇ ಬೇರೆ. ಮಷಿನ್ ಬಂದರೆ ಕೆಲಸ ಹೋಗುತ್ತದೆಂದು ಎಲ್ಲರಿಗೂ ಹೆದರಿಕೆ ಇದ್ದದ್ದೇ, ತೋರಣಗಲ್ಲಿನಲ್ಲೂ ತಾನು ಇದನ್ನು ಕಂಡಿದ್ದೇನೆ, ನಿಮ್ಮನ್ನು ಯಾರೂ ಕಳಿಸುವುದಿಲ್ಲ, ಅದಕ್ಕಾಗಿ ಇಂಥ ಮಾತೆಲ್ಲ ಆಡಬಾರದು ಎಂದು ಸಮಾಧಾನ ಹೇಳಲು ಹೊರಟ. ಅವಳು ಶುಗರ್ ಅಂದಳು, ಸೂಜಿ ಅಂದಳು, ಚಪ್ಪಲಿ ಅಂದಳು. ಅವನು ಕಾಲು ಗಂಟೆಯ ಭಾಷಣಕ್ಕೆ ಸಿದ್ಧನಾಗಿದ್ದ. ನಾಲ್ಕನೆಯ ಡಬ್ಬಿ ಅವಳ ಮುಷ್ಟಿಯಲ್ಲೇ ಇತ್ತು.

ಏರುತ್ತಿದ್ದ ಅಂಕಿಯನ್ನು ಮೊದಲು ನೋಡಿದ್ದು ಆ ಕಡೆಯ ಟೇಬಲ್ಲಿನಲ್ಲಿದ್ದ ಪಂಪಾವತಿ. ಲೇಬಲ್ಲುಗಳನ್ನು ಚೆಲ್ಲಿ ಓಡಿ ಬಂದು ಡಬ್ಬಿಯನ್ನು ಕಿತ್ತು ಎಸೆದಳು. ಮೀಟರಿನಲ್ಲಿ ಅರವತ್ತೇಳು ಡಿಗ್ರಿ ಇತ್ತು. ತಾಯಕ್ಕನ ಅಂಗೈ ಕೆಂಪಗೆ ಬೆಂದು, ನಡುವೆ ಬೊಬ್ಬೆ ಏಳುತ್ತಿತ್ತು. ಅವಳು ಅದನ್ನು ಬೇರೆ ಯಾರದೋ ಕೈ ನೋಡುವ ಹಾಗೆ ನೋಡುತ್ತಿದ್ದಳು. ಮಾರುತೇಶನ ಭಾಷಣ ಅಲ್ಲಿಗೇ ನಿಂತಿತು.

ನಲ್ಲಿಯ ಕೆಳಗೆ ಅವಳ ಕೈ ಹಿಡಿದು ನಿಲ್ಲಿಸಿದರು. ನೀರು ತಣ್ಣಗಿದೆಯೋ ಇಲ್ಲವೋ, ಅವಳಿಗೆ ಅದೂ ತಿಳಿಯಲಿಲ್ಲ. ಮಾರುತೇಶ್ ರಿಜಿಸ್ಟರ್ ತಂದು ಹಾಳೆ ತಿರುವತೊಡಗಿದ. ಅವನ ಮುಖ ಸಣ್ಣಗಾಗಿತ್ತು. ಕೂಗಾಡಿದ್ದರೆ ತಾಯಕ್ಕನಿಗೆ ಹಗುರವಾಗುತ್ತಿತ್ತೇನೋ. ಅವನು ಮೆಲ್ಲಗೆ, ಒಂದು ವರ್ಷ ಬರೆದದ್ದೆಲ್ಲಾ ಸುಳ್ಳೇ, ಎಷ್ಟು ಡಬ್ಬಿ ಹೋಗಿವೆ ಗೊತ್ತೇ ಎಂದು ಕೇಳಿದ.

"ಸುಳ್ಳಲ್ರಿ ಸಾರ್," ಅಂದಳು ಪಂಪಾವತಿ. "ನಾನು ನೋಡೇ ಕೊಡ್ತಿದ್ದೆ."

ಸೀರೆಯ ಮೇಲೆ ತೊಡುವ ಕೆಲಸದ ಕೋಟಿನ ತೋಳು ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಒಳಭಾಗದಲ್ಲಿ, ನರ ಕಾಣುವ ಕಡೆ, ಕಂದು ಕಲೆಗಳು. ಹಳೆಯವು ಮಾಸಿದ್ದವು, ಒಂದೆರಡು ಹೊಸವು ಇನ್ನೂ ಹಸಿಯಾಗಿದ್ದವು. ಹೋದ ವರ್ಷ ತಾಯಕ್ಕ ಕುದಿಯುವ ಚಹಾದ ಸ್ಟೀಲ್ ಲೋಟವನ್ನು ಕೈ ಬದಲಿಸದೆ ಹಿಡಿದು ಕೂತದ್ದನ್ನು ನೋಡಿದಾಗಲೇ ಈ ಹುಡುಗಿಗೆ ತಿಳಿದುಹೋಗಿತ್ತಂತೆ. ಅವತ್ತಿನಿಂದ ಒಂದೊಂದು ಡಬ್ಬಿಯನ್ನೂ ಮೇಜಿನ ಕೆಳಗೆ ತನ್ನ ಮಣಿಕಟ್ಟಿಗೆ ಒತ್ತಿ ನೋಡಿ, ಹುಬ್ಬು ಗಂಟು ಹಾಕಬೇಕಾದಾಗ ಗಂಟು ಹಾಕಿ, ತುಟಿ ಸೊಟ್ಟ ಮಾಡಬೇಕಾದಾಗ ಸೊಟ್ಟ ಮಾಡಿ ಕೊಡುತ್ತಿದ್ದಳು. ನೀವು ನನ್ನ ಮುಖ ನೋಡೋದು ನನಗೆ ಗೊತ್ತಿತ್ತು ಎಂದಳು. ತಾನು ಕದಿಯುತ್ತಿದ್ದೇನೆ ಅಂದುಕೊಂಡದ್ದನ್ನು ಈ ಹುಡುಗಿ ದಿನಾ ಕೈ ಸುಟ್ಟುಕೊಂಡು ಕೊಡುತ್ತಿದ್ದಳು. ತಾಯಕ್ಕನಿಗೆ ಅಳು ಬಂತು, ಸಿಟ್ಟೂ ಬಂತು, ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು.

ಮಾರುತೇಶ್ ರಿಜಿಸ್ಟರ್ ಮುಚ್ಚಿಟ್ಟ. ಆಮೇಲೆ ಲ್ಯಾಪ್‌ಟಾಪಿನಲ್ಲಿ ಬರೆದಿದ್ದ ಎರಡು ಹದಗಳನ್ನೂ ಅಳಿಸಿದ. ಹಸಿ ಗಾಯ ಮಾಯುವ ತನಕ ಪಂಪಾವತಿ ಏನನ್ನೂ ಮುಟ್ಟಬಾರದು, ಮಷಿನ್ ಬಂದು ಕಾಯಲಿ, ಕೂಸಿನ ಎಣ್ಣೆ ಸದ್ಯಕ್ಕೆ ಬೇಡ, ಹೆಸರೂ ಬೇಡ ಎಂದ. ತಾಯಕ್ಕನಿಗೆ, ನಾಳೆಯಿಂದ ಏನು ಮಾಡೋದು ನೋಡೋಣ, ಇವತ್ತು ಮನೆಗೆ ಹೋಗಿ ಅಂದ. ನೋಡೋಣ ಅನ್ನುವ ಮಾತಿನ ಅರ್ಥ ಅವಳಿಗೆ ತಿಳಿಯದ್ದೇನಲ್ಲ. ಹೂಂ ಅಂದಳು.

ವಾಚ್‌ಮನ್ ಮುಲಾಮಿನ ಟ್ಯೂಬು ತಂದುಕೊಟ್ಟ. ತಾಯಕ್ಕ ಅದನ್ನು ತನ್ನ ಕೈಗೆ ಹಚ್ಚಿಕೊಳ್ಳದೆ, ಪಂಪಾವತಿಯನ್ನು ಹತ್ತಿರ ಕೂರಿಸಿಕೊಂಡು ಅವಳ ಮಣಿಕಟ್ಟು ಹಿಡಿದಳು. ಬೇಯದೆ ಉಳಿದ ಕೈಯ ಬೆರಳಿಗೆ ಮುಲಾಮು ತೆಗೆದುಕೊಂಡು, ಕಲೆಯ ಹತ್ತಿರ ಒಯ್ದು, ನಿಲ್ಲಿಸಿದಳು. ಇಪ್ಪತ್ತೆಂಟು ವರ್ಷ ಕೂಸುಗಳನ್ನು ನೀವಿದ ಬೆರಳಿಗೆ ತನ್ನ ಭಾರ ಎಷ್ಟೆಂದು ಗೊತ್ತಿರಲಿಲ್ಲ.

"ನೋವಾದ್ರ ಹೇಳವ್ವ," ಅಂದಳು. "ಮಖ ಗಿಖ ಮಾಡಬ್ಯಾಡ. ಬಾಯಿಬಿಟ್ಟು ಹೇಳು."

"ಸ್ವಲ್ಪ ಮೆಲ್ಲಕ, ಅಕ್ಕ," ಅಂದಳು ಪಂಪಾವತಿ.

ತಾಯಕ್ಕ ಕೈ ಹಗುರ ಮಾಡಿದಳು. ಹಗುರಾಯಿತೋ ಇಲ್ಲವೋ ಎಂದು ಅವಳನ್ನೇ ಕೇಳಿದಳು.