ಉಳಿದಿದ್ದ ಒಂದೇ ಸೀಸೆ

ಕೀಂ, ಕೊಂಯ್, ಆಮೇಲೆ ಎದೆಯಲ್ಲಿ ಕಫ ಕಟ್ಟಿದವರ ಹಾಗೆ ಉದ್ದನೆಯ ಘರ್‌ರ್. ಊಟಿಯ ನಮ್ಮ ಮನೆಗೆ ಇಂಟರ್ನೆಟ್ ಬಂದ ಹೊಸತರಲ್ಲಿ ಫೋನಿನ ತಂತಿ ಹೀಗೆ ಏದುಸಿರು ಬಿಡುತ್ತಿತ್ತು. ಅದು ಕೇಳಿಸಿತೆಂದರೆ ಮೊಮ್ಮಗಳು ಮೇಘ ಜಪಾನಿನ ಕಾಮಿಕ್ಸ್ ತೆರೆಯುತ್ತಿದ್ದಾಳೆ ಎಂದರ್ಥ. ನನಗೆ ಮಾತ್ರ ಪಕ್ಕದ ಕೆತ್ತಿ ಊರಿನಲ್ಲಿದ್ದ ಗೆಳತಿ ವಿಮಲಳ ಉಬ್ಬಸ ನೆನಪಾಗಿ, ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಹೋದರೂ ಬಿಡಬೇಕಲ್ಲ! "ಅಜ್ಜೀ, ಬಂತು" ಎಂದು ಕೂಗುವಳು. ಚಿತ್ರ ಪರದೆಯ ಮೇಲೆ ಇಷ್ಟಿಷ್ಟೇ ಇಳಿಯುತ್ತಿತ್ತು: ಮೊದಲು ಕೂದಲು, ಆಮೇಲೆ ತಟ್ಟೆಯಗಲದ ಕಣ್ಣು, ಬಾಯಿ ಬರುವ ಹೊತ್ತಿಗೆ ನನ್ನ ಕಾಫಿ ಆರಿರುತ್ತಿತ್ತು. ಕಾನ್ವೆಂಟಿನ ಇಂಗ್ಲಿಷಿನ ಜಂಬದಲ್ಲಿ ನಾನು ಎಡದಿಂದ ಓದಿದೆ. ಸತ್ತವಳು ಎದ್ದು ಕೂತು, ಜಗಳವಾಡಿ, ಕೊನೆಗೆ ಪ್ರೀತಿಸತೊಡಗಿದಳು.

"ಅಯ್ಯೋ ಅಜ್ಜಿ, ರೈಟ್‌ನಿಂದ ಓದ್ಬೇಕು. ಇದು ನಿಮ್ಮ ಗ್ರಾಮರ್ ಬುಕ್ ಅಲ್ಲ!"

ಬಲದಿಂದ ಓದಿದಾಗ ಕತೆ ಇಷ್ಟು. ಒಂದು ಕಂಪ್ಯೂಟರ್ ಆಟದ ಲೋಕ, ಅದರೊಳಗೆ ಸಿಕ್ಕಿಕೊಂಡ ಒಬ್ಬ ಕತ್ತಿವೀರ, ಅವನನ್ನು ಪ್ರೀತಿಸುವ ಇಬ್ಬರು ಗೆಳತಿಯರು. ಒಬ್ಬಳು ಬಿಲ್ಲುಗಾತಿ, ಇನ್ನೊಬ್ಬಳು ಗಾಯ ವಾಸಿಮಾಡುವವಳು. ಅಲ್ಲಿ ಸತ್ತರೆ ನಿಜವಾಗಿಯೂ ಸತ್ತ ಹಾಗೆ. ಬಿಲ್ಲುಗಾತಿ ವಿಷವೇರಿ ಬಿದ್ದಾಗ ವಾಸಿಮಾಡುವವಳ ಜೋಳಿಗೆಯಲ್ಲಿ ಒಂದೇ ಸೀಸೆ ಮದ್ದು ಉಳಿದಿತ್ತು. 'ಅವನಿಗೆ ಬೇಕಾದೀತು' ಎಂದುಕೊಂಡು ಇವಳು ಜೋಳಿಗೆ ಬಿಚ್ಚಲೇ ಇಲ್ಲ.

"ಡ್ಯೂಟಿ ಅಜ್ಜಿ. ಟೀಮ್ ಲೀಡರ್‌ನ ಉಳಿಸ್ಬೇಕಲ್ವಾ?"

"ಹೊಟ್ಟೆಕಿಚ್ಚು" ಎಂದೆ.

"ನಿಮಗೆ ಹೇಗ್ಗೊತ್ತು?"

"ಮುಖ ನೋಡಿದ್ರೆ ಗೊತ್ತಾಗಲ್ವೇನೇ?"

ಮುಖ ಇನ್ನೂ ಕಣ್ಣಿನವರೆಗೆ ಮಾತ್ರ ಇಳಿದಿತ್ತು.

ಶಾಲೆಯಲ್ಲಿ ನಮಗೆ ಕ್ಯಾರೆಕ್ಟರ್ ಸ್ಕೆಚ್ ಬರೆಸುತ್ತಿದ್ದರು. ಪಾತ್ರದ ಮೋಟಿವ್ ಏನೆಂದು ಬರೆದರೆ ಪೂರ್ತಿ ಮಾರ್ಕು. ಒಬ್ಬರೊಳಗೆ ಎರಡು ಮೋಟಿವ್ ಒಂದೇ ಶಾಲು ಹೊದ್ದು ಕೂತಿರಬಹುದು ಎಂದು ಸಿಸ್ಟರ್‌ಗಳು ಹೇಳಿಕೊಡಲಿಲ್ಲ.

ನಮ್ಮಲ್ಲಿ ಹೆಣ್ಣು ನೋಡುವ ಮುಂಚೆ ಹುಡುಗನ ತಾಯಿ ಹುಡುಗಿಯ ಗೆಳತಿಯ ಮನೆಗೆ ಸುಮ್ಮನೆ ಬಂದಂತೆ ಬಂದು ವಿಚಾರಿಸುವ ರೂಢಿ ಇತ್ತು. ಇಲ್ಲೇ ನಮ್ಮ ಬೆಟ್ಟದ ವೆಲ್ಲಿಂಗ್ಟನ್ನಿನಲ್ಲಿ ಕೆಲಸದಲ್ಲಿದ್ದ ಹುಡುಗನ ತಾಯಿ ಹಾಗೆ ನಮ್ಮ ಮನೆಗೆ ಬಂದು ವಿಮಲಳ ಬಗ್ಗೆ ಕೇಳಿದರು. ಆ ಹುಡುಗ ನನಗೂ ಇಷ್ಟ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ನಾನೊಂದು ಸುಳ್ಳೂ ಹೇಳಲಿಲ್ಲ. "ಬಹಳ ಒಳ್ಳೆಯವಳಮ್ಮ. ಚಳಿಗಾಲದಲ್ಲಿ ಸ್ವಲ್ಪ ಉಬ್ಬಸ, ಅಷ್ಟೇ." ಅವರು ಅರ್ಧ ಕಾಫಿ ಬಿಟ್ಟು ಎದ್ದರು. ಮರುವರ್ಷ ನನ್ನನ್ನು ನೋಡಲು ಬಂದಾಗ ಪೂರ್ತಿ ಕುಡಿದರು. ಅವರ ಮಗನೊಡನೆ, ಆತ ತೀರಿಕೊಳ್ಳುವ ತನಕ, ಮೂವತ್ತೆಂಟು ವರ್ಷ ಸಂಸಾರ ಮಾಡಿದೆ. ವಿಮಲ ಮದುವೆಯಾಗಲಿಲ್ಲ. ಕೇಳಿದ್ದಕ್ಕೆ ಇದ್ದದ್ದನ್ನು ಹೇಳಿದೆ, ಅದು ನನ್ನ ಡ್ಯೂಟಿ ಎಂದುಕೊಂಡಿದ್ದೆ.

ಮನೆಗೆ ಇಂಟರ್ನೆಟ್ ಬಂದ ಆ ಚಳಿಗಾಲ ವಿಮಲಳಿಗೆ ಉಬ್ಬಸ ಜೋರಾಗಿದೆ ಎಂದು ಕೇಳಿ, ಎಲ್ಲ ಹೇಳಿಬಿಡಲೆಂದೇ ಕೆತ್ತಿಯ ಬಸ್ಸು ಹತ್ತಿದೆ. ಅವಳು ವರಾಂಡದಲ್ಲಿ ಕ್ಯಾರೆಟ್ ತೋಟಕ್ಕೆ ಮುಖಮಾಡಿ ದಿಂಬಿಗೊರಗಿ ಕೂತಿದ್ದಳು.

"ಬಾರೇ ಸುಶಿ. ಮಹಾರಾಣಿಗೆ ದಾರಿ ಗೊತ್ತಾಯ್ತಾ?"

ಧೈರ್ಯ ಸಾಲದೆ ಮೇಘಳ ಕಾಮಿಕ್ಸ್ ಹೇಳತೊಡಗಿದೆ. ಬಿಲ್ಲುಗಾತಿ, ಜೋಳಿಗೆ, ಸೀಸೆ, ಎಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು.

"ಆಮೇಲೆ ಅವನು ಅವಳಿಗೆ ಸಿಕ್ಕಿದ್ನಾ?"

"ಸಿಕ್ಕಿದ."

"ಸುಖವಾಗಿದ್ಲಾ?"

"ಅದಿನ್ನೂ ಬಂದಿಲ್ಲ ಕಣೇ. ತಿಂಗಳಿಗೊಂದೇ ಭಾಗ."

"ಬಂದ್ಮೇಲೆ ಬಂದು ಹೇಳು." ಉಸಿರು ತಿರುಗಲು ಸ್ವಲ್ಪ ಹೊತ್ತಾಯಿತು. "ನಿಜ ಹೇಳು. ಸುಳ್ಳು ನೀನು ಯಾವತ್ತೂ ಹೇಳಿದವಳಲ್ಲ."

ಹತ್ತೊಂಬತ್ತು ದಿನಕ್ಕೆ ಹೊಸ ಭಾಗ ಬಂತು, ಕೇಳಲು ಅವಳಿರಲಿಲ್ಲ. ಕತೆಯ ಹುಡುಗಿ ಸುಖವಾಗಿಯೇ ಇದ್ದಳು. ಕಷ್ಟ ಇರುವುದೇ ಅಲ್ಲಿ. ನಾನೂ ಸುಖವಾಗಿಯೇ ಇದ್ದೆ.

ಅವತ್ತು ಕೆತ್ತಿಯಿಂದ ಹೊರಡುವಾಗ ಗೇಟಿನ ಹತ್ತಿರ ಒಮ್ಮೆ ತಿರುಗಿ ನೋಡಿದ್ದೆ. ವಿಮಲ ಇನ್‌ಹೇಲರನ್ನು ಕಿವಿಯ ಹತ್ತಿರ ಹಿಡಿದು, ಇನ್ನೆಷ್ಟು ಉಳಿದಿದೆ ಎಂದು ಅಲ್ಲಾಡಿಸಿ ನೋಡುತ್ತಿದ್ದಳು.