ಹಾಸಿನ ನೂಲಿನಲ್ಲಿ ಬಂದ ಸೂರ್ಯನ ಅಲೆ

ತೆಲಂಗಾಣ ಬೇರೆ ರಾಜ್ಯವಾದ ವರ್ಷ ನನಗೆ ನಲವತ್ತೆರಡು. ನಾರಾಯಣಪೇಟೆಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಅಟೆಂಡರ್ ಆಗಿದ್ದೆ. ಡಿಗ್ರಿ ಮುಗಿದರೆ ಮೇಲಿನ ಹುದ್ದೆ ಸಿಗುತ್ತಿತ್ತು. ಉಳಿದದ್ದು ಭೌತಶಾಸ್ತ್ರದ ಮೌಖಿಕ ಪರೀಕ್ಷೆಯೊಂದೇ. ಅದರಲ್ಲಿ ಎರಡು ಸಲ ಫೇಲಾಗಿದ್ದೆ. ಇದು ಕೊನೆಯ ಅವಕಾಶ.

ನಾನು ಆರಿಸಿಕೊಂಡ ವಿಷಯ ಸೂರ್ಯನದು. ಸೂರ್ಯನ ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಏರಿ ಇಳಿಯುತ್ತದೆ. ಅಲ್ಲಿಂದ ಹೊರಗೆ ಹರಿಯುವ ಕಣಗಳ ಪ್ರವಾಹವೇ ಸೌರಮಾರುತ, ಅದರಲ್ಲೂ ಅಲೆಗಳಿವೆ. ಆ ಅಲೆಗಳೆಲ್ಲ ದಾರಿಯಲ್ಲೇ ಹುಟ್ಟುತ್ತವೆ, ಸೂರ್ಯನ ಏರಿಳಿತಕ್ಕೂ ಅವಕ್ಕೂ ಸಂಬಂಧವಿಲ್ಲ ಎಂದು ಬರೆದುಕೊಂಡು ಬಾಯಿಪಾಠ ಮಾಡಿದ್ದೆ.

ಮನೆಯಲ್ಲಿ ಸೀರೆ ನೇಯುವವಳು ನನ್ನ ಹೆಂಡತಿ. ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ ಓಣಿಯುದ್ದಕ್ಕೂ ಹಾಸಿನ ನೂಲು, ಅಂದರೆ ಸೀರೆಯ ಉದ್ದಕ್ಕೆ ಬರುವ ಎಳೆಗಳನ್ನು, ಬಿಗಿಯಾಗಿ ಎಳೆದು ಕುಂಚದಿಂದ ಗಂಜಿ ಹಚ್ಚುತ್ತಿದ್ದಳು. ನೂಲು ಕಟ್ಟಿದ ಈ ತುದಿಯ ಕೋಲು ಹಿಡಿದು ನಾನು ಪಾಠ ಒಪ್ಪಿಸುತ್ತಿದ್ದೆ.

"ಕೈ ಸುಮ್ನ ಇಡ್ರೀ!" ಆ ತುದಿಯಿಂದ ಕೂಗಿದಳು. "ಇಲ್ಲಿ ನೂಲು ಕುಣ್ಯಾಕ ಹತ್ತೈತಿ."

"ಗಾಳಿಗಿ ಕುಣೀತೈತಿ ಬಿಡು."

"ಎಲ್ಲೈತಿ ಗಾಳಿ? ಬೇವಿನೆಲಿ ಅಲ್ಲಾಡವಲ್ದು. ನೀವು ಪಾಠ ಹೇಳ್ಕೋತ ಕೋಲು ಅಲ್ಲಾಡ್ಸಾಕ ಹತ್ತೀರಿ. ಇಷ್ಟು ಓದೀರಿ, ಇದು ತಿಳೀವಲ್ದೇನು?"

ಕೋಲನ್ನು ಬೇಕೆಂದೇ ಒಮ್ಮೆ ಮೆಲ್ಲಗೆ ಏರಿಸಿ ಇಳಿಸಿದೆ. ಅಲೆ ನೂಲಿನ ಮೇಲೆ ಹರಿದು ಅವಳ ಕುಂಚದವರೆಗೂ ಹೋಯಿತು. ಪುಸ್ತಕದಲ್ಲಿ ಕಾಂತರೇಖೆಗಳು ಸೂರ್ಯನ ಮೈಯಿಂದ ಹೊರಟು ದೂರ ಚಾಚಿದ ಚಿತ್ರವಿತ್ತು. ಅದನ್ನು ಎಷ್ಟೋ ಸಲ ನೋಡಿದ್ದೆ; ಅವೂ ಹೀಗೇ ಎಳೆದ ನೂಲಲ್ಲವೇ ಎಂದು ಈಗ ಹೊಳೆಯಿತು. ಒಳಗೆ ಹೋಗಿ ಸಂಬಂಧವಿಲ್ಲ ಎಂದು ಬರೆದದ್ದನ್ನು ಹೊಡೆದುಹಾಕಿದೆ.

ಗದ್ವಾಲದಲ್ಲಿ ಪರೀಕ್ಷೆ. ಪ್ರಶ್ನೆ ಕೇಳುವ ಮೇಡಂ ಕರ್ನಾಟಕದ ಗಡಿಗೆ ಹತ್ತಿರದ ಮಕ್ತಲ್ ಕಡೆಯವರು; ತೆಲುಗಿನಲ್ಲಿ ಶುರು ಮಾಡಿ, ನನ್ನ ತಡವರಿಕೆ ನೋಡಿ ಕನ್ನಡಕ್ಕೆ ಬಂದರು. ಹೆಂಡತಿಯ ಹಾಸಿನ ಕಥೆ ಹೇಳಿದೆ. ಸೂರ್ಯನ ಏರಿಳಿತ ಕಾಂತರೇಖೆಗಳ ಬುಡವನ್ನು ಅಲುಗಿಸುತ್ತದೆ, ಆ ಅಲುಗಾಟ ಅಲೆಯಾಗಿ ಸೌರಮಾರುತದೊಳಗೆ ಸಾಗುತ್ತದೆ ಎಂದೆ.

"ಹಂಗಾದ್ರ ಎಲ್ಲಾ ಅಲಿನೂ ಸೂರ್ಯನ ಕಡಿಂದನ ಬರ್ತಾವೇನ್ರೀ?"

ಹೌದೆನ್ನಲು ಮನಸ್ಸಿತ್ತು.

"ಇಲ್ರೀ ಮೇಡಂ. ಕೆಲವು ದಾರ್ಯಾಗೂ ಹುಟ್ತಾವ. ಯಾವುದು ಎಷ್ಟು ಅಂತ ನನಗ ಗೊತ್ತಿಲ್ಲ. ದೊಡ್ಡವ್ರೂ ಇನ್ನಾ ಹುಡುಕಾಕ ಹತ್ಯಾರಂತ."

ಅವರು ಏನೋ ಬರೆದುಕೊಂಡರು. "ಹೋಗ್ರಿ. ಮನ್ಯಾಗಿನ ನಿಮ್ಮ ಮೇಷ್ಟ್ರಿಗಿ ನನ್ನ ನಮಸ್ಕಾರ ಹೇಳ್ರಿ," ಎಂದು ನಕ್ಕರು.

ತಿಂಗಳ ಮೇಲೆ ಪಾಸಾದ ಸುದ್ದಿ ಬಂತು. ಹೆಂಡತಿ ಮಗ್ಗದ ಮೇಲಿಂದ ಏಳಲಿಲ್ಲ. ಬಗ್ಗಿಸಿದ ಮುಖದಲ್ಲಿ ನಗು ಕಂಡಿತು.

"ಚಲೋ ಆತು. ನಾಳೆ ಹೊಸ ಹಾಸು ಐತಿ. ಕೋಲು ಹಿಡೀರಿ, ಪಾಠ ಮಾತ್ರ ಬ್ಯಾಡ."