ಪಿಎಸ್‌ಎ ಎರಡೇ ಇತ್ತು

ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಅದು ಮೂಳೆಗೂ ಹಬ್ಬಿತ್ತು. ಇಂಜೆಕ್ಷನ್ ಶುರುವಾದ ಮೇಲೆ ಮೂರು ತಿಂಗಳಿಗೊಮ್ಮೆ ಆದೋನಿಯ ಲ್ಯಾಬಿನಿಂದ ರಕ್ತದ ರಿಪೋರ್ಟ್ ತರುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿ ನಾನೇ ಓದಿದವನು ಅಂತ ಹೆಸರು ಬೇರೆ. ಓದುತ್ತಿದ್ದುದು ಮಾತ್ರ ಒಂದೇ ಸಾಲು, ಈ ರೋಗದ ಏರಿಳಿತ ತೋರಿಸುವ ಪಿಎಸ್‌ಎ. ನೂರು ದಾಟಿದ್ದದ್ದು ಎರಡಕ್ಕೆ ಇಳಿದು ನಿಂತಿತ್ತು.

ಈ ಸಲವೂ ಎರಡೇ. ಲ್ಯಾಬಿನ ಮೆಟ್ಟಿಲ ಮೇಲಿಂದಲೇ ಫೋನ್ ಮಾಡಿದೆ. ನಾಳೆ ಹೋಳಿಗೆ ಮಾಡ್ತೀನಿ ಅಂದಳು ಅವ್ವ. ಅಪ್ಪನ ಸೊಂಟನೋವು ಹೆಚ್ಚಾಗಿದ್ದನ್ನು ಹಳೇ ಮಂಚದ ತಲೆಗೆ ಕಟ್ಟಿ ಸುಮ್ಮನಾಗಿದ್ದೆವು.

ಮರುದಿನ ಕರ್ನೂಲಿನ ಡಾಕ್ಟರು ಅದೇ ಹಾಳೆಯಲ್ಲಿ ಇನ್ನೊಂದು ಸಾಲಿನ ಮೇಲೆ ಬೆರಳಿಟ್ಟರು. ಆಲ್ಕಲೈನ್ ಫಾಸ್ಫಟೇಸ್, ಮೂಳೆಯಲ್ಲಿ ರೋಗ ಹೆಚ್ಚಿದರೆ ಏರುವಂಥದ್ದು. ಮೂರು ರಿಪೋರ್ಟಿನಿಂದ ಏರುತ್ತಲೇ ಇತ್ತಂತೆ. ಅಪ್ಪನನ್ನು ಹೊರಗೆ ಕೂರಿಸಿ ನನಗೆ ಬಿಡಿಸಿ ಹೇಳಿದರು: ಪಿಎಸ್‌ಎ ಇಳಿದಿದ್ದರೂ ರೋಗ ಬೆಳೆಯಬಹುದು, ಬೆಳಿಗ್ಗೆ ಇಲ್ಲಿ ಮಾಡಿಸಿದ ಸ್ಕ್ಯಾನಿನಲ್ಲೂ ಅದೇ ಕಂಡಿದೆ. ಔಷಧಿ ಬದಲಿಸೋಣ, ಆದರೆ ಮೂರು ತಿಂಗಳಿಗಿಂತ ಹೆಚ್ಚು ನೆಚ್ಚಿಕೊಳ್ಳಬೇಡಿ. ಎಮ್ಮಿಗನೂರಿನ ಮೇಲೆ ಊರಿಗೆ ಮರಳುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಅಪ್ಪ ತೂಕಡಿಸಿದಾಗಲೆಲ್ಲ ಉಸಿರಾಡುತ್ತಿದ್ದಾನೆಯೇ ಎಂದು ಬಗ್ಗಿ ನೋಡುತ್ತಿದ್ದೆ.

ಮನೆಗೆ ಬಂದು ಊಟಕ್ಕೆ ಕೂತೆವು. ಅವ್ವ ತುಪ್ಪ ತರಲು ಒಳಗೆ ಹೋದಳು.

"ಎಷ್ಟು ತಿಂಗ್ಳು ಅಂದಾರ? ನಿಜಂ ಚೆಪ್ಪು," ಎಂದ ಅಪ್ಪ. ಸುಳ್ಳು ಬೇಡ ಅನ್ನುವಾಗ ಅವನಿಗೆ ಮಾರ್ಕೆಟ್ಟಿನ ತೆಲುಗೇ ಬರುತ್ತದೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಬಂದುಬಿಟ್ಟಳು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಎಡಗೈ ಮೇಲೆ ಹೊದೆಸಿ ನನ್ನ ಕಡೆ ಚಾಚಿದ. ನಲವತ್ತು ವರ್ಷ ಹತ್ತಿ ದಲಾಲಿ ಮಾಡಿದವನು. ಮಾರ್ಕೆಟ್ಟಿಗೆ ಕಂಪ್ಯೂಟರ್ ಟೆಂಡರ್ ಬರುವ ಮೊದಲು ದಲಾಲರು ರೇಟು ಬಾಯಲ್ಲಿ ಆಡುತ್ತಿರಲಿಲ್ಲ, ಟವೆಲ್ಲಿನ ಕೆಳಗೆ ಎದುರಿನವನ ಬೆರಳು ಹಿಡಿದು ಕೇಳುತ್ತಿದ್ದರು; ಹಿಡಿದಷ್ಟು ಬೆರಳೇ ರೇಟು. ಕೈ ಎಳೆದುಕೊಂಡರೆ ಆ ರೇಟು ಒಪ್ಪಿಲ್ಲವೆಂದು, ಸುಮ್ಮನೆ ಬಿಟ್ಟರೆ ಒಪ್ಪಿದಂತೆ. ನಮಗೂ ಆಟವಾಡಿಸುತ್ತಾ ಕಲಿಸಿದ್ದ.

"ಏನ್ರಿ ಅದು, ಊಟದ ಹೊತ್ತಿನ್ಯಾಗ," ಎಂದು ಅವ್ವ ನಗುತ್ತಾ ತುಪ್ಪ ಬಡಿಸಿದಳು.

ಟವೆಲ್ಲಿನ ಕೆಳಗೆ ಕೈ ತೂರಿಸಿದೆ. ಐದು ಬೆರಳೂ ಅವನ ಕೈಗೆ ಕೊಟ್ಟೆ. ಅಪ್ಪ ಒಂದನ್ನು ಮಡಚಿದ. ನನ್ನ ಮುಖ ನೋಡಿ ಇನ್ನೊಂದನ್ನೂ ಮಡಚಿದ. ಉಳಿದ ಮೂರನ್ನು ಹಿಡಿದುಕೊಂಡು ಕಾದ.

ಕೈ ಎಳೆದುಕೊಳ್ಳಬೇಕೆಂದುಕೊಂಡೆ, ನನ್ನಿಂದ ಆಗಲಿಲ್ಲ.